ಟಿಕೋಟಾದ ಮಕ್ಕಳು ಕಂಡ ನಡುಗಡ್ಡೆ



ಕಳೆದ ತಿಂಗಳು ಜರ್ಮನಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ಚಿತ್ರಗಳನ್ನು ಕಳುಹಿಸಿದ್ದ. ರಜೆಯಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗ್ರೀಸ್ ದೇಶದ ಒಂದು ಪುಟ್ಟ ನಡುಗಡ್ಡೆಗೆ ಹೋಗಿದ್ದನಂತೆ. ಸುಣ್ಣ ಬಳಿದ ಬಿಳಿಯ ಮನೆಗಳು, ನೀಲಿಯ ನೀರು, ದೋಣಿಯ ಮೂತಿಯಲ್ಲಿ ನಿಂತು ನಗುತ್ತಿರುವ ಅವನ ಇಬ್ಬರು ಮಕ್ಕಳು. ಚಿತ್ರಗಳ ಕೆಳಗೆ ಅವನು ಹೀಗೆ ಬರೆದಿದ್ದ: “ಸರ್, ದೋಣಿ ಏರೂಮುಂದ ಕಾರವಾರ ನೆನಪಾತ್ರಿ. ಅವತ್ತು ನಾನೂ ಇದ್ದೆ.”

ಆ ಕೊನೆಯ ಮಾತನ್ನು ಓದಿದ ಮೇಲೆ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ಇತಿಹಾಸದ ಪಾಠ. ನಿಮಗೆ ನನ್ನ ಪದ್ಧತಿ ಗೊತ್ತೇ ಇದೆ.

1996ರ ಡಿಸೆಂಬರಿನಲ್ಲಿ ನಮ್ಮ ಪ್ರೌಢಶಾಲೆಯ ಹತ್ತನೆಯ ತರಗತಿಯ ಮಕ್ಕಳನ್ನು ಸಾರಿಗೆ ಸಂಸ್ಥೆಯ ಕೆಂಪು ಬಸ್ಸಿನಲ್ಲಿ ಕಾರವಾರಕ್ಕೆ ಪ್ರವಾಸ ಒಯ್ದಿದ್ದೆವು. ಮಕ್ಕಳು ನಲವತ್ತಾರು ಜನ, ಶಿಕ್ಷಕರು ನಾಲ್ವರು. ಸಮುದ್ರವನ್ನು ಮೊದಲೇ ಕಂಡಿದ್ದವರು ಶಿಕ್ಷಕರಲ್ಲಿ ನಾನೊಬ್ಬ, ಮಕ್ಕಳಲ್ಲಿ ಒಬ್ಬರೂ ಇಲ್ಲ. ಟಿಕೋಟಾ, ಬಬಲೇಶ್ವರ ಸೀಮೆಯ ಮಕ್ಕಳಿಗೆ ನೀರೆಂದರೆ ಬಾವಿಯ ತಳದಲ್ಲಿ ಕಾಣುವ ಒಂದು ಬೊಗಸೆ ಹೊಳಪು, ಇಲ್ಲವೇ ಕೊಳವೆಬಾವಿಯ ಮುಂದಿನ ಕೊಡಗಳ ಸಾಲು. ಮನೆಯಿಂದ ಕಟ್ಟಿಕೊಟ್ಟಿದ್ದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಯ ಗಂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಅವರು ಕುಳಿತಿದ್ದ ಬಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟವನ್ನು ಇಳಿದು, ಅಂಕೋಲೆಯಿಂದ ಉತ್ತರಕ್ಕೆ ತಿರುಗಿದಾಗ ಎಡಗಡೆಗೆ ಸಮುದ್ರ ಕಾಣಿಸಿತು. ಬಸ್ಸಿನಲ್ಲಿ ಒಂದು ಕ್ಷಣ ಮೌನ, ಆಮೇಲೆ ಚೀರಾಟ.

ಬಿಣಗಾ ಊರು ಬರುವ ಮುನ್ನ ಚಾಲಕರು ಗಾಡಿ ನಿಲ್ಲಿಸಿದರು. ನೀರಿನಾಚೆ ಹಸಿರು ಬೆನ್ನಿನ ಒಂದು ನಡುಗಡ್ಡೆ ಮಲಗಿತ್ತು. “ಅದೇ ಅಂಜದೀವ” ಎಂದೆ. ಅಲ್ಲಿಗೆ ಹೋಗುವ ಅನುಮತಿ ನಮಗಿರಲಿಲ್ಲ. ಆದ್ದರಿಂದ ರಸ್ತೆಯ ಅಂಚಿನಲ್ಲಿಯೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪಾಠ ಹೇಳಿದೆ. ಅಂದು ಹೇಳಿದ್ದನ್ನೂ ಅನಂತರ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ಗ್ರೀಸ್ ನೋಡಿ ಬಂದ ನನ್ನ ವಿದ್ಯಾರ್ಥಿಗೆ ಮೊದಲು ಹೇಳಬೇಕಾದ ಮಾತು ಇದು: ಈ ನಡುಗಡ್ಡೆಗೂ ಗ್ರೀಕರ ನಾಲಗೆಗೂ ಹಳೆಯ ನಂಟಿರಬಹುದು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ, ಈಜಿಪ್ಟಿನ ಕಡೆಯಿಂದ ನಮ್ಮ ಕರಾವಳಿಗೆ ನಡೆಯುತ್ತಿದ್ದ ವ್ಯಾಪಾರವನ್ನು ಬಲ್ಲ ಗ್ರೀಕ್ ವರ್ತಕನೊಬ್ಬ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ಕೈಪಿಡಿಯನ್ನು ಬರೆದ. ಅವನ ಹೆಸರು ಉಳಿದಿಲ್ಲ. ಕೊಂಕಣದ ರೇವುಗಳನ್ನು ಹೆಸರಿಸಿದ ಮೇಲೆ ಅವನು ಕೆಲವು ನಡುಗಡ್ಡೆಗಳನ್ನು ಎಣಿಸಿ, ಈ ಭಾಗದಲ್ಲಿ ಕಡಲುಗಳ್ಳರಿದ್ದಾರೆ ಎಂದು ಎಚ್ಚರಿಸುತ್ತಾನೆ. ಆ ಪಟ್ಟಿಯಲ್ಲಿರುವ ‘ಐಗಿದಿಯೋಯ್’ ಎಂಬವರ ನಡುಗಡ್ಡೆಯೇ ಅಂಜದೀವ ಎಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಗೋವೆ ಎಂದವರೂ ಇದ್ದಾರೆ. ಮುಂದಿನ ಶತಮಾನದ ಟಾಲೆಮಿಯ ಭೂಗೋಳದಲ್ಲಿ ನಮ್ಮ ನೆರೆಯ ಬಾದಾಮಿಯ ಹೆಸರೂ ಗ್ರೀಕ್ ವೇಷದಲ್ಲಿ ಬರುತ್ತದೆಂಬುದನ್ನು ನಿಮಗೆ ತರಗತಿಯಲ್ಲಿ ಹೇಳಿದ್ದೆ.

ಸುಮಾರು 1342ರಲ್ಲಿ ಈ ಕರಾವಳಿಯಲ್ಲಿ ಸಾಗಿದ ಮೊರಾಕೋದ ಪ್ರವಾಸಿ ಇಬ್ನ್ ಬತೂತ, ಹೊನ್ನಾವರಕ್ಕೆ ಬರುವ ಮೊದಲು ಒಂದು ಸಣ್ಣ ನಡುಗಡ್ಡೆಯಲ್ಲಿ ಇಳಿದ. ಅಲ್ಲೊಂದು ದೇವಾಲಯ, ತೋಟ, ನೀರಿನ ಹೊಂಡ. ದೇವಾಲಯದ ಗೋಡೆಗೆ ಒರಗಿ ಕುಳಿತ ಒಬ್ಬ ಜೋಗಿ. ಜೋಗಿ ಒಮ್ಮೆ ಗಟ್ಟಿಯಾಗಿ ಕೂಗಿದೊಡನೆ ಮರದಿಂದ ತೆಂಗಿನಕಾಯಿ ಬಿತ್ತಂತೆ; ಅದನ್ನು ಅತಿಥಿಗಳಿಗೆ ಕೊಟ್ಟನಂತೆ; ಹಣ ಕೊಡಹೋದರೆ ಮುಟ್ಟಲಿಲ್ಲವಂತೆ. ಆ ನಡುಗಡ್ಡೆಯೂ ಅಂಜದೀವವೇ ಎಂಬುದು ಅನೇಕರ ಅಭಿಪ್ರಾಯ. ಅಂಕೋಲೆಯ ಆರ್ಯಾದುರ್ಗೆಯ ಮೂರ್ತಿಯನ್ನು ಅಲ್ಲಿಂದಲೇ ತಂದದ್ದೆಂದು ಅಲ್ಲಿಯ ಜನರು ನಂಬುತ್ತಾರೆ. ಸಿಹಿನೀರು ಇದ್ದುದೇ ಈ ಪುಟ್ಟ ನೆಲದ ಭಾಗ್ಯವೂ ದೌರ್ಭಾಗ್ಯವೂ ಆಯಿತು. ದೂರದ ಹಡಗುಗಳೆಲ್ಲ ನೀರಿಗಾಗಿ ಇಲ್ಲಿಗೇ ಬಂದವು.

ಹಾಗೆ ಬಂದವರಲ್ಲಿ ವಾಸ್ಕೋ ಡ ಗಾಮನೂ ಒಬ್ಬ. 1498ರ ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆಯಿಂದ ಮರಳುವಾಗ ಅವನು ಇಲ್ಲಿ ತಂಗಿ, ಹಡಗುಗಳನ್ನು ದಡಕ್ಕೆಳೆದು ತಳ ಕೆರೆಸಿ, ನೀರು ತುಂಬಿಸಿಕೊಂಡ. ಆಗ ವೆನಿಸ್ ನಗರದ ಭಾಷೆಯನ್ನು ಚೆನ್ನಾಗಿ ಆಡಬಲ್ಲ ಒಬ್ಬ ಮನುಷ್ಯ ಅವರ ಬಳಿಗೆ ಬಂದ. ಅವನು ಹುಟ್ಟಿನಿಂದ ಯೆಹೂದಿ. ಪೋರ್ತುಗೀಸರು ‘ಸಬಾಯೊ’ ಎಂದು ಕರೆದ ಗೋವೆಯ ಒಡೆಯನ ಸೇವಕ. ಈ ಸಬಾಯೊ ನಮ್ಮ ಬಿಜಾಪುರದ ಯೂಸುಫ್ ಆದಿಲ್ ಶಾಹನೇ ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಪೋರ್ತುಗೀಸರು ಬಂದವನನ್ನು ಗೂಢಚಾರನೆಂದು ಹಿಡಿದು ಹಿಂಸಿಸಿ, ಲಿಸ್ಬನ್ನಿಗೆ ಒಯ್ದು, ಗಾಸ್ಪರ್ ಡ ಗಾಮ ಎಂಬ ಹೆಸರಿಟ್ಟು ಕ್ರೈಸ್ತನನ್ನಾಗಿಸಿದರು. 1500ರಲ್ಲಿ ಕಬ್ರಾಲನ ಹಡಗುಪಡೆಯಲ್ಲಿ ದುಭಾಷಿಯಾಗಿ ಅವನೇ ಮರಳಿ ಬಂದ.

1505ರಲ್ಲಿ ಮೊದಲ ವೈಸರಾಯ್ ಅಲ್ಮೇಡಾ ಇಲ್ಲಿ ಕೋಟೆ ಕಟ್ಟಿಸಿದ. ಮರುವರ್ಷವೇ ಗೋವೆಯ ಕಡೆಯಿಂದ ಬಂದ ದೋಣಿಪಡೆ ಅದನ್ನು ಮುತ್ತಿತು. ಮುತ್ತಿಗೆ ಸಫಲವಾಗಲಿಲ್ಲ, ಆದರೂ ಈ ಕೋಟೆಯನ್ನು ಉಳಿಸಿಕೊಳ್ಳುವುದು ಕಷ್ಟವೆಂದು ಕಂಡ ಪೋರ್ತುಗೀಸರು ತಾವೇ ಅದನ್ನು ಕೆಡವಿ ಹೋದರು. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನೇ ಗೆದ್ದುಕೊಂಡ.

ಇಷ್ಟು ಹೇಳುವ ಹೊತ್ತಿಗೆ ಎರಡನೆಯ ಸಾಲಿನಲ್ಲಿದ್ದ ಬಬಲೇಶ್ವರದ ಕಡೆಯ ಹುಡುಗಿಯೊಬ್ಬಳು ಕೈಯೆತ್ತಿದಳು. “ಸರ್, ಗೋವಾ ನಮ್ಮ ಬಾದಶಾಂದ ಇತ್ತಂದ್ರ, ಅವರು ಸಮುದ್ರ ಯಾಕ ಬಿಟ್ಟುಕೊಟ್ಟರ‍್ರಿ?” ನಾನು, “ಪೋರ್ತುಗೀಸರ ಹತ್ತಿರ ತೋಪುಗಳಿದ್ದವು” ಎಂದು ಒಂದೇ ಮಾತಿನಲ್ಲಿ ಮುಗಿಸಿದೆ. ಅವಳು ಒಪ್ಪಲಿಲ್ಲ. “ಮಲಿಕ್-ಎ-ಮೈದಾನ್ ನಮ್ಮ ಕಡೇನ ಐತಲ್ರೀ” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕು ಬಸ್ಸು ಹತ್ತಿಸಿದೆ.

ತಂಗಿ, ನೀನು ಇದನ್ನು ಓದುತ್ತಿದ್ದರೆ, ನಿನ್ನ ಪ್ರಶ್ನೆಗೆ ಇಷ್ಟು ವರ್ಷಗಳ ಮೇಲೆ ಉತ್ತರ ಹೇಳುತ್ತೇನೆ. ಆ ತೋಪು 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡು, 1632ರಲ್ಲಿ ಪರಾಂಡೆಯಿಂದ ನಮ್ಮೂರಿಗೆ ಬಂತು. ಸುಮಾರು 55 ಟನ್ ತೂಕದ ಆ ತೋಪನ್ನು ಎತ್ತರದ ಬುರುಜಿನ ಮೇಲೇರಿಸುವ ಜಾಣ್ಮೆ ನಮ್ಮವರಿಗಿತ್ತು. ಕೊರತೆಯಿದ್ದುದು ನೀರಿನ ಮೇಲೆ ಕಣ್ಣಿಡುವ ಅಭ್ಯಾಸದಲ್ಲಿ. ಯೂಸುಫ್ ಆದಿಲ್ ಶಾಹ ತಾನೇ ಕಡಲು ದಾಟಿ ದಾಭೋಳದಲ್ಲಿ ಇಳಿದವನೆಂದು ಫಿರಿಶ್ತಾ ಬರೆದಿದ್ದಾನೆ. ಅರಬಸ್ಥಾನದ, ಇರಾನಿನ ಕುದುರೆಗಳು ಗೋವೆಯ ರೇವಿನಿಂದಲೇ ಒಳನಾಡಿಗೆ ಬರುತ್ತಿದ್ದವು. ಗೋವೆ ಹೋದ ಮೇಲೆ ಆ ಕುದುರೆಗಳ ಲಗಾಮು ಪೋರ್ತುಗೀಸರ ಕೈಸೇರಿತು. 1570–71ರಲ್ಲಿ ಮೊದಲನೆಯ ಅಲಿ ಆದಿಲ್ ಶಾಹ ದೊಡ್ಡ ದಂಡಿನೊಡನೆ ಗೋವೆಯನ್ನು ತಿಂಗಳುಗಟ್ಟಲೆ ಮುತ್ತಿದರೂ ಗೆಲ್ಲಲಾಗಲಿಲ್ಲ. ನೆಲದ ಕಡೆಯಿಂದ ಎಷ್ಟೇ ಬಿಗಿ ಹಿಡಿದರೂ ನೀರಿನ ಬಾಗಿಲು ತೆರೆದೇ ಇತ್ತು. ತಾಜ್ ಬಾವಡಿ, ಬೇಗಂ ತಲಾಬ್ ಕಟ್ಟಿ ಒಣನೆಲದ ರಾಜಧಾನಿಗೆ ನೀರುಣಿಸಿದ ರಾಜ್ಯ, ಕಡಲಿನ ನೀರನ್ನು ತನ್ನದೆಂದು ಭಾವಿಸಲಿಲ್ಲ. ನನ್ನ ಉತ್ತರ ಇಷ್ಟೇ. ತೋಪಿನ ಮಾತು ಹೇಳಿ ನಿನ್ನನ್ನು ಸುಮ್ಮನಾಗಿಸಿದ್ದು ನನ್ನ ತಪ್ಪು.

ಅಂಜದೀವದ ಅತ್ಯಂತ ಕರುಣಾಜನಕ ಅಧ್ಯಾಯ ಇಂಗ್ಲಿಷರದು. 1661ರ ಮದುವೆಯ ಒಪ್ಪಂದದಂತೆ ಪೋರ್ತುಗಲ್ಲಿನ ರಾಜಕುಮಾರಿ ಕ್ಯಾಥರೀನಳ ಬಳುವಳಿಯಾಗಿ ಮುಂಬಯಿ ಎರಡನೆಯ ಚಾರ್ಲ್ಸ್ ದೊರೆಗೆ ಸೇರಬೇಕಿತ್ತು. ಅದನ್ನು ವಶಪಡಿಸಿಕೊಳ್ಳಲು 1662ರಲ್ಲಿ ಅಬ್ರಹಾಂ ಶಿಪ್‌ಮನ್ ಎಂಬ ಅಧಿಕಾರಿ ದಂಡಿನೊಡನೆ ಬಂದ. ಕಾಗದಪತ್ರಗಳ ತಕರಾರು ತೆಗೆದು ಪೋರ್ತುಗೀಸ್ ಅಧಿಕಾರಿಗಳು ಒಪ್ಪಿಸಲಿಲ್ಲ. ಎಲ್ಲಿಗೂ ಸಲ್ಲದ ಆ ಸೈನಿಕರನ್ನು ಅಂಜದೀವದಲ್ಲಿ ಇಳಿಸಲಾಯಿತು. ಮಳೆಗಾಲಗಳು ಕಳೆದವು, ಜ್ವರ, ಭೇದಿ, ಆಹಾರದ ಕೊರತೆ. ಶಿಪ್‌ಮನ್ 1664ರಲ್ಲಿ ಅಲ್ಲಿಯೇ ಸತ್ತ. 1665ರ ಫೆಬ್ರುವರಿಯಲ್ಲಿ ಹಂಫ್ರಿ ಕುಕ್ ಕೊನೆಗೂ ಮುಂಬಯಿಯನ್ನು ವಹಿಸಿಕೊಂಡಾಗ, ನಾಲ್ಕುನೂರಕ್ಕೂ ಹೆಚ್ಚು ಜನರಿದ್ದ ದಂಡಿನಲ್ಲಿ ಉಳಿದಿದ್ದವರು ಹೆಚ್ಚುಕಡಿಮೆ ನೂರು ಮಂದಿ. ಕಾಗದದ ಮೇಲೆ ಸಹಿ ಹಾಕಿದವರು ದೂರದಲ್ಲಿದ್ದರು; ಪ್ರಾಣ ತೆತ್ತವರು ಹೇಳಿದಲ್ಲಿ ಇಳಿದವರು.

1682ರಲ್ಲಿ ಪೋರ್ತುಗೀಸರು ಮತ್ತೆ ಕೋಟೆ ಕಟ್ಟಿದರು. 1961ರವರೆಗೆ ನಡುಗಡ್ಡೆ ಅವರ ಕೈಯಲ್ಲಿಯೇ ಇತ್ತು. ಆ ವರ್ಷದ ನವೆಂಬರಿನಲ್ಲಿ ಅಲ್ಲಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ನಮ್ಮ ನೌಕಾಪಡೆಯ ‘ತ್ರಿಶೂಲ’ ಮತ್ತು ‘ಮೈಸೂರು’ ಹಡಗುಗಳ ನಾವಿಕರು ಅಲ್ಲಿಗೆ ಇಳಿದರು. ಏಳು ಮಂದಿ ವೀರಮರಣ ಹೊಂದಿದರು. ಕಾರವಾರದ ಕಣ್ಣೆದುರಿಗೇ ಇದ್ದರೂ ಅಂಜದೀವ ಇಂದಿಗೂ ಆಡಳಿತದಲ್ಲಿ ಗೋವಾ ರಾಜ್ಯಕ್ಕೆ ಸೇರಿದೆ. 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಆ ನೆಲೆಗಾಗಿ ಕರಾವಳಿಯ ಹಲವು ಹಳ್ಳಿಗಳ ಜನ ಮನೆ, ಗದ್ದೆ, ಮೀನುಗಾರಿಕೆಯ ದಡ ಬಿಟ್ಟು ಹೋದರು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರ ಮಕ್ಕಳಿಗೆ ಪಾಠ ಹೇಳಿದ ನನಗೆ ಆ ನೋವನ್ನು ಯಾರೂ ವಿವರಿಸಬೇಕಾಗಿಲ್ಲ.

ಇನ್ನು ನಾನು ತಡೆದಿಟ್ಟಿದ್ದ ಮಾತಿಗೆ ಬರುತ್ತೇನೆ.

ಅಂಜದೀವಕ್ಕೆ ಹೋಗಲಾಗದೆಂದು ಮಕ್ಕಳ ಮುಖ ಬಾಡಿತ್ತು. ಮರುದಿನ ಕಾಳಿ ನದಿ ಸಮುದ್ರ ಸೇರುವೆಡೆಯಿಂದ ಕೂರ್ಮಗಡ ನಡುಗಡ್ಡೆಗೆ ದೋಣಿ ಮಾಡಿದೆವು. ಅಲ್ಲಿ ನರಸಿಂಹ ದೇವರ ಗುಡಿಯಿದೆ. ಪುಷ್ಯ ಮಾಸದಲ್ಲಿ ಜಾತ್ರೆ. ದೋಣಿಯ ಯಜಮಾನ ಎರಡು ಸುತ್ತು ಒಯ್ಯುತ್ತೇನೆಂದ. ಪ್ರವಾಸದ ಲೆಕ್ಕ ನನ್ನ ಕೈಯಲ್ಲಿತ್ತು. ಎರಡು ಸುತ್ತಿನ ಬಾಡಿಗೆ ಕೊಟ್ಟರೆ ರಾತ್ರಿಯ ಊಟಕ್ಕೆ ಕೊರತೆ. “ಒಂದೇ ಸಲ ಹೋಗೋಣ, ಸಣ್ಣ ಮಕ್ಕಳು” ಎಂದು ಒತ್ತಾಯಿಸಿದವನು ನಾನು. ಅವನು ಎರಡು ಬಾರಿ ತಲೆಯಾಡಿಸಿ, ಕೊನೆಗೆ ಒಪ್ಪಿದ. ತೇಲುವ ಕವಚಗಳ ಮಾತನ್ನು ಯಾರೂ ಎತ್ತಲಿಲ್ಲ; ಅಂಥದೊಂದು ಇರುತ್ತದೆಂಬುದೇ ನನಗೆ ತಿಳಿದಿರಲಿಲ್ಲ.

ನದಿಯ ನೀರೂ ಸಮುದ್ರದ ಅಲೆಯೂ ಕೂಡುವಲ್ಲಿ ದೋಣಿ ಕುದುರೆಯಂತೆ ಕುಪ್ಪಳಿಸಿತು. ಅಷ್ಟರಲ್ಲಿ ಯಾರೋ “ಡಾಲ್ಫಿನ್!” ಎಂದು ಕೂಗಿದರು. ಮಕ್ಕಳೆಲ್ಲ ಎದ್ದು ಒಂದೇ ಮಗ್ಗುಲಿಗೆ ನುಗ್ಗಿದರು. ದೋಣಿ ವಾಲಿತು, ಅಂಚಿನ ಮೇಲಿಂದ ನೀರು ಒಳಗೆ ಸುರಿಯಿತು. ದೋಣಿಯವನು ಕೊಂಕಣಿಯಲ್ಲಿ ಅರಚಿದ. ಅವನ ಜೊತೆಯ ಹುಡುಗ ಮಕ್ಕಳ ರಟ್ಟೆ ಹಿಡಿದು ಕೆಳಗೆ ಕೂರಿಸಿದ. ಒಂದು ನಿಮಿಷವಾಗಿದ್ದಿರಬಹುದು. ನಾನು ಏನೂ ಮಾಡಲಿಲ್ಲ, ಹಲಗೆಯನ್ನು ಹಿಡಿದು ಕುಳಿತಿದ್ದೆ. ನಲವತ್ತಾರು ಮಕ್ಕಳಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ದಡ ಮುಟ್ಟಿದಾಗ ಮಕ್ಕಳು ತೊಯ್ದ ಬಟ್ಟೆ ಹಿಂಡುತ್ತ ನಗುತ್ತಿದ್ದರು. ಮರಳುವಾಗ ಎರಡು ಸುತ್ತಿನಲ್ಲಿ ಬಂದೆವು. ರಾತ್ರಿ ಶಿಕ್ಷಕರು ಉಳಿದ ರೊಟ್ಟಿ ತಿಂದೆವು. ಶಾಲೆಗೆ ಒಪ್ಪಿಸಿದ ವರದಿಯಲ್ಲಿ ‘ಪ್ರವಾಸವು ಸುಖಕರವಾಗಿ ನೆರವೇರಿತು’ ಎಂದು ಬರೆದೆ. ನಿಮ್ಮ ತಂದೆ ತಾಯಿಯರಿಗೆ ಈ ಸಂಗತಿಯನ್ನು ನಾನು ಹೇಳಲಿಲ್ಲ.

2019ರ ಜನವರಿ 21ರಂದು ಅದೇ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಹಾವೇರಿ ಜಿಲ್ಲೆಯಿಂದ, ನಮ್ಮಂತೆಯೇ ಬಯಲುಸೀಮೆಯಿಂದ, ಸಮುದ್ರ ನೋಡಲು ಬಂದವರೂ ಮಕ್ಕಳೂ ಅವರಲ್ಲಿದ್ದರು. ಪತ್ರಿಕೆಯನ್ನು ಮಡಿಚಿಟ್ಟು ಹಿತ್ತಲಿಗೆ ಹೋಗಿ ಕುಳಿತೆ. ಮನೆಯವರು ಕೇಳಿದಾಗ ಬಿಸಿಲಿಗೆ ತಲೆ ಸುತ್ತಿತೆಂದೆ.

ಶಿಪ್‌ಮನ್‌ನ ಸೈನಿಕರ ಕಥೆಯನ್ನು ಎಷ್ಟೋ ತರಗತಿಗಳಿಗೆ ಹೇಳಿ, ದೂರದಲ್ಲಿ ಕುಳಿತು ಆಜ್ಞೆ ಕೊಟ್ಟವರನ್ನು ಟೀಕಿಸಿದ್ದೇನೆ. ಬಾಡಿಗೆಯ ಉಳಿತಾಯಕ್ಕಾಗಿ ನಲವತ್ತಾರು ಮಕ್ಕಳನ್ನು ಒಂದೇ ದೋಣಿಗೆ ಹತ್ತಿಸಿದವನು ನಾನೇ ಎಂಬುದನ್ನು ಮಾತ್ರ ಹೇಳಲಿಲ್ಲ. ಅಂದು ಆ ದೋಣಿಯಲ್ಲಿದ್ದವರೆಲ್ಲರ ಕ್ಷಮೆಯನ್ನು ಇಂದು ಕೇಳುತ್ತೇನೆ.

ಈಗ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ನಮ್ಮ ಭಾಗದ ಕೆರೆಗಳಿಗೂ ಕೃಷ್ಣೆಯ ನೀರು ಬರುತ್ತಿದೆ. ಹಾಗೆಯೇ ಕೆರೆಯಂಚಿನಲ್ಲಿ ಆಡುವ ಮಕ್ಕಳೂ ಹೆಚ್ಚಿದ್ದಾರೆ. ನೀರನ್ನು ಅರಿಯದ ನೆಲಕ್ಕೆ ನೀರು ಬಂದಾಗ ಕಲಿಯಬೇಕಾದ ಪಾಠಗಳಲ್ಲಿ ಈಜು ಮೊದಲನೆಯದು. ನಿಮ್ಮ ಮಕ್ಕಳಿಗೆ ಈಜು ಕಲಿಸಿರಿ. ಎಲ್ಲಿಯೇ ದೋಣಿ ಏರಲಿ, ಕವಚ ತೊಡಿಸಿರಿ. ಎರಡು ಸುತ್ತು ಎಂದು ಅಂಬಿಗ ಹೇಳಿದರೆ ಎರಡು ಸುತ್ತಿನ ಹಣವನ್ನೇ ಕೊಡಿರಿ.

ಜರ್ಮನಿಯ ವಿದ್ಯಾರ್ಥಿ ಕಳುಹಿಸಿದ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಅವನ ಇಬ್ಬರು ಮಕ್ಕಳೂ ಕಿತ್ತಳೆ ಬಣ್ಣದ ಕವಚ ತೊಟ್ಟಿದ್ದಾರೆ. ಮೊದಲ ಸಲ ನೋಡಿದಾಗ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಎಲ್ಲರಿಗೂ ಒಳ್ಳೆಯದಾಗಲಿ.