ಅಭಿಮಾನಿಗಳು ಮುನಿದ ಆಲ್ಬಂ

ಒಂದು ಆಲ್ಬಂ ಚೆನ್ನಾಗಿಲ್ಲವೆನಿಸಿದರೆ ಸಾಮಾನ್ಯ ಕೇಳುಗ ಅದನ್ನು ಬದಿಗಿಟ್ಟು ಬೇರೆಯದನ್ನು ಹುಡುಕುತ್ತಾನೆ. ಅಭಿಮಾನಿ ಹಾಗೆ ಮಾಡುವವನಲ್ಲ. ಅದನ್ನು ಕೊಂಡು, ಹತ್ತು ಸಲ ಕೇಳಿ, ಎಲ್ಲಿ ಕೆಟ್ಟಿತು, ಯಾರು ಕೆಡಿಸಿದರು ಎಂದು ವರ್ಷಗಟ್ಟಲೆ ವಾದಿಸುತ್ತಾನೆ. ಅಮೆರಿಕದ 'ಡ್ರೀಮ್ ಥಿಯೇಟರ್' ತಂಡ 1997ರ ಸೆಪ್ಟೆಂಬರ್ 23ರಂದು ಹೊರತಂದ 'ಫಾಲಿಂಗ್ ಇನ್‌ಟು ಇನ್ಫಿನಿಟಿ' ಇಂಥ ವಾದಕ್ಕೆ ಸಿಕ್ಕಿಕೊಂಡ ಆಲ್ಬಂ. ತಂಡ ಕಂಪೆನಿಗೆ ತನ್ನನ್ನೇ ಮಾರಿಕೊಂಡಿತು ಎಂದು ಒಂದು ಗುಂಪು ದೂರಿತು. ಇಷ್ಟು ಇಂಪಾದ ಹಾಡುಗಳನ್ನು ಇವರು ಹಿಂದೆ ಮಾಡಿಯೇ ಇರಲಿಲ್ಲ ಎಂದು ಇನ್ನೊಂದು ಗುಂಪು ಮೆಚ್ಚಿತು. ಎರಡೂ ಗುಂಪುಗಳ ಕೈಗೆ ಬಂದಿದ್ದು ತಂಡ ಮಾಡಬೇಕೆಂದಿದ್ದರ ಒಂದು ಭಾಗ ಮಾತ್ರ. ಮಿಕ್ಕದ್ದು ಎಲ್ಲರ ಕೈಗೆ ಸಿಗಲು ಹತ್ತು ವರ್ಷ ಬೇಕಾಯಿತು.

ಈ ಜಗಳ ಅರ್ಥವಾಗಬೇಕಾದರೆ ಪ್ರೊಗ್ರೆಸಿವ್ ಮೆಟಲ್ ಎಂದರೇನೆಂದು ಸ್ವಲ್ಪ ತಿಳಿದಿರಬೇಕು. 1970ರ ದಶಕದಲ್ಲಿ ಇಂಗ್ಲೆಂಡಿನ ಯೆಸ್, ಜೆನೆಸಿಸ್, ಕಿಂಗ್ ಕ್ರಿಮ್ಸನ್ ಮೊದಲಾದ ತಂಡಗಳು ರಾಕ್ ಹಾಡನ್ನು ಮೂರು ನಿಮಿಷದ ಚೌಕಟ್ಟಿನಿಂದ ಬಿಡಿಸಿ ಇಪ್ಪತ್ತು ನಿಮಿಷದವರೆಗೂ ಹಿಗ್ಗಿಸಿದ್ದವು. ಆ ವಿಸ್ತಾರಕ್ಕೆ ಐರನ್ ಮೇಡನ್, ಮೆಟಾಲಿಕಾ ತಂಡಗಳ ಅಬ್ಬರದ ಗಿಟಾರನ್ನು ಬೆಸೆದರೆ ಹುಟ್ಟುವುದು ಪ್ರೊಗ್ರೆಸಿವ್ ಮೆಟಲ್. ಇದರಲ್ಲಿ ಲಯದ ಲೆಕ್ಕಾಚಾರ ಹೆಚ್ಚು. ಹಾಡಿನ ನಡುವೆಯೇ ನಾಲ್ಕರ ಎಣಿಕೆ ಏಳಕ್ಕೆ, ಏಳು ಐದಕ್ಕೆ ಹೊರಳುತ್ತದೆ. ಮಿಶ್ರ ಚಾಪು, ಖಂಡ ಚಾಪುಗಳನ್ನು ಕೇಳಿ ಬೆಳೆದ ನಮ್ಮ ಕಿವಿಗೆ ಏಳು, ಐದು ಹೊಸತಲ್ಲ. ನಾಲ್ಕರ ಎಣಿಕೆಗೇ ಒಗ್ಗಿಹೋಗಿದ್ದ ರಾಕ್ ಕೇಳುಗರಿಗೆ ಮಾತ್ರ ಅದೊಂದು ಸೋಜಿಗ. ಎಣಿಸುತ್ತ ಕೇಳುವುದು, ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ ಕೇಳುವುದು ಈ ಅಭಿಮಾನಿಗಳ ಅಭ್ಯಾಸ. ಇಷ್ಟು ಶ್ರಮಪಟ್ಟು ಕೇಳುವವನಿಗೆ ಸುಲಭದ ಹಾಡೊಂದನ್ನು ಕೊಟ್ಟರೆ ತನಗೆ ಅವಮಾನವಾಯಿತೆಂದು ಅನಿಸುವುದೂ ಉಂಟು.

ಗಿಟಾರ್ ವಾದಕ ಜಾನ್ ಪೆಟ್ರುಚಿ, ಬೇಸ್ ಗಿಟಾರಿನ ಜಾನ್ ಮ್ಯುಂಗ್, ಡ್ರಮ್ ವಾದಕ ಮೈಕ್ ಪೋರ್ಟ್‌ನಾಯ್ ಮೂವರೂ ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿನ ವಿದ್ಯಾರ್ಥಿಗಳು. 1985ರಲ್ಲಿ 'ಮೆಜೆಸ್ಟಿ' ಎಂಬ ಹೆಸರಿನಲ್ಲಿ ತಂಡ ಕಟ್ಟಿದರು. ಆ ಹೆಸರು ಆಗಲೇ ಬೇರೆಯವರದಾಗಿತ್ತು. ಕೊನೆಗೆ ಕ್ಯಾಲಿಫೋರ್ನಿಯಾದ ಸಣ್ಣ ಚಿತ್ರಮಂದಿರವೊಂದರ ಹೆಸರನ್ನು ಪೋರ್ಟ್‌ನಾಯ್ ಅವರ ತಂದೆ ಸೂಚಿಸಿದರು, ಅದೇ ನಿಂತಿತು. 1989ರ ಮೊದಲ ಆಲ್ಬಂ ಹೆಚ್ಚು ಜನರನ್ನು ಮುಟ್ಟಲಿಲ್ಲ. ಕೆನಡಾದ ಜೇಮ್ಸ್ ಲಬ್ರಿ ಗಾಯಕರಾಗಿ ಬಂದಮೇಲೆ 1992ರಲ್ಲಿ ಬಂದ 'ಇಮೇಜಸ್ ಅಂಡ್ ವರ್ಡ್ಸ್' ಅದೃಷ್ಟವನ್ನೇ ಬದಲಿಸಿತು. ಅದರ 'ಪುಲ್ ಮಿ ಅಂಡರ್' ಎಂಟು ನಿಮಿಷಕ್ಕೂ ಮೀರಿದ ಹಾಡು. ಅಂಥ ಹಾಡು ರೇಡಿಯೊ ಮತ್ತು ಎಂಟಿವಿಯಲ್ಲಿ ಓಡುತ್ತದೆಂದು ಯಾರೂ ಎಣಿಸಿರಲಿಲ್ಲ. ಕತ್ತರಿಸಿ ಚಿಕ್ಕದಾಗಿಸಿದರು, ಓಡಿತು.

ಮುಂದಿನ ತೊಡಕಿಗೆಲ್ಲ ಮೂಲ ಈ ಯಶಸ್ಸೇ ಎನ್ನಬೇಕು. ಒಮ್ಮೆ ಓಡಿದ್ದು ಇನ್ನೊಮ್ಮೆ ಏಕೆ ಓಡಬಾರದು ಎಂದು ಕಂಪೆನಿ ಕೇಳತೊಡಗಿತು. ಅಭಿಮಾನಿಗಳ ಬೇಡಿಕೆ ಇದಕ್ಕೆ ತೀರ ವಿರುದ್ಧವಾಗಿತ್ತು. 1989ರಲ್ಲೇ ರಚನೆಯಾಗಿ, ಕಛೇರಿಗಳಲ್ಲಿ ಮಾತ್ರ ನುಡಿಸುತ್ತಿದ್ದ 'ಎ ಚೇಂಜ್ ಆಫ್ ಸೀಸನ್ಸ್' ಎಂಬ ದೀರ್ಘ ಕೃತಿಯನ್ನು ಧ್ವನಿಮುದ್ರಿಸಿ ಕೊಡಿ ಎಂದು ಅವರು ಸಹಿ ಸಂಗ್ರಹಿಸಿ ಮನವಿ ಮಾಡಿದರು. 1995ರಲ್ಲಿ ಅದು ಹೊರಬಂತು. ಅವಧಿ 23 ನಿಮಿಷ. ಕೇಳುಗರು ಒತ್ತಾಯಿಸಿ ಹಾಡನ್ನು ಉದ್ದ ಮಾಡಿಸಿಕೊಳ್ಳುವುದು ಜನಪ್ರಿಯ ಸಂಗೀತದಲ್ಲಿ ಅಪರೂಪ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಸ್ಥಿತಿ ತಂಡದ್ದಾಯಿತು.

ಅಷ್ಟರಲ್ಲಿ ಅಮೆರಿಕದ ಅಭಿರುಚಿಯೂ ಬದಲಾಗಿತ್ತು. 1991ರಲ್ಲಿ ನಿರ್ವಾಣ ತಂಡ ಎಬ್ಬಿಸಿದ ಅಲೆಯಿಂದಾಗಿ ಸರಳವಾದ, ಒರಟಾದ ಹಾಡುಗಳಿಗೆ ಮನ್ನಣೆ ಬಂದು, ವಾದನಕೌಶಲ ಮೆರೆಸುವುದು ಹಳೆಯ ಕಾಲದ ಷೋಕಿ ಎನಿಸಿತು. ಕಂಪೆನಿಯಲ್ಲೂ ಹಳಬರು ಹೋಗಿ ಹೊಸಬರು ಬಂದರು. ತಂಡ ಎರಡು ಸಿ.ಡಿ. ತುಂಬುವಷ್ಟು ಹಾಡು ಬರೆದಿಟ್ಟುಕೊಂಡು ಕಾಯುತ್ತಿತ್ತು. ಜೋಡಿ ಆಲ್ಬಂ ಬೇಡ, ಒಂದೇ ಸಾಕು, ಅದರಲ್ಲಿ ರೇಡಿಯೊಗೆ ಒಗ್ಗುವ ಹಾಡುಗಳಿರಲಿ ಎಂದಿತು ಕಂಪೆನಿ. ನಿರ್ಮಾಪಕರಾಗಿ ಕೆವಿನ್ ಶರ್ಲಿ ಬಂದರು. 'ಯೂ ಆರ್ ಮಿ' ಎಂಬ ಹಾಡನ್ನು ತಿದ್ದಲು ಪೆಟ್ರುಚಿ ಅವರನ್ನು ಡೆಸ್ಮಂಡ್ ಚೈಲ್ಡ್ ಬಳಿಗೆ ಕಳಿಸಲಾಯಿತು. ಬಾನ್ ಜೋವಿ, ಏರೋಸ್ಮಿತ್ ತಂಡಗಳಿಗೆ ಮನೆಮಾತಾದ ಹಾಡುಗಳನ್ನು ಕಟ್ಟಿಕೊಟ್ಟ ಕಸಬುದಾರ ಈ ಚೈಲ್ಡ್. ಹಾಡು 'ಯೂ ನಾಟ್ ಮಿ' ಆಗಿ ಮರಳಿತು. ಹೆಸರಿನಲ್ಲಿ ಬದಲಾದದ್ದು ಒಂದೇ ಪದ, ಆದರೆ ಅಭಿಮಾನಿಗಳು ಆ ಒಂದು ಹಾಡನ್ನು ಕ್ಷಮಿಸಲೇ ಇಲ್ಲ. ಹೊರಗಿನವನೊಬ್ಬ ಬಂದು ನಮ್ಮ ಹಾಡನ್ನು ತಿದ್ದಿದ ಎಂಬುದು ಅವರ ದೂರು. 'ನಮ್ಮ' ಎಂಬ ಮಾತನ್ನು ಇಲ್ಲಿ ಗಮನಿಸಬೇಕು.

ಆಲ್ಬಂ ಕೈಗೆ ಬಂದಾಗ ಅಭಿಪ್ರಾಯಗಳು ಚೂರುಚೂರಾದವು. ಹನ್ನೊಂದು ಹಾಡುಗಳಲ್ಲಿ 'ಲೈನ್ಸ್ ಇನ್ ದ ಸ್ಯಾಂಡ್', 'ಟ್ರಯಲ್ ಆಫ್ ಟಿಯರ್ಸ್' ಎರಡೂ ಹನ್ನೆರಡು ನಿಮಿಷ ಮೀರಿದವು. ಹಳೆಯ ಡ್ರೀಮ್ ಥಿಯೇಟರ್ ಇನ್ನೂ ಬದುಕಿದೆ ಎನ್ನುವವರು ಅವುಗಳ ಕಡೆ ಬೆರಳು ತೋರಿಸಿದರು. 'ಹಾಲೋ ಇಯರ್ಸ್', 'ಆ್ಯನಾ ಲೀ', 'ಟೇಕ್ ಅವೇ ಮೈ ಪೇನ್' ಮೆದು ಹಾಡುಗಳು. ಇವು ಕಂಪೆನಿಯ ಒತ್ತಡದ ಕೂಸುಗಳೆಂದು ಬಹಳ ಮಂದಿ ತೀರ್ಮಾನಿಸಿಬಿಟ್ಟರು. ಈ ತೀರ್ಮಾನ ಎಲ್ಲ ಕಡೆ ಸರಿಯಲ್ಲ. 'ಟೇಕ್ ಅವೇ ಮೈ ಪೇನ್' ಪೆಟ್ರುಚಿ ತಮ್ಮ ತಂದೆಯ ಸಾವಿನ ದುಃಖದಲ್ಲಿ ಬರೆದದ್ದು. ಇಡೀ ಆಲ್ಬಮ್ಮಿನಲ್ಲಿ ಅಷ್ಟು ಖಾಸಗಿಯಾದ ಹಾಡು ಮತ್ತೊಂದಿಲ್ಲ. ಮೆದುವಾದದ್ದೆಲ್ಲ ಮಾರಾಟದ ಸರಕು ಎಂದು ತಿಳಿಯುವ ಕಿವಿಗೆ ಅದರ ಅಳಲು ಕೇಳಿಸಲಿಲ್ಲ. ಕಂಪೆನಿಯ ಹಣದಲ್ಲೇ ಅಚ್ಚಾದ ಈ ಆಲ್ಬಮ್ಮಿನಲ್ಲಿ 'ಜಸ್ಟ್ ಲೆಟ್ ಮಿ ಬ್ರೀದ್' ಎಂಬ ಹಾಡು ಸಂಗೀತ ವ್ಯಾಪಾರವನ್ನೇ ಲೇವಡಿ ಮಾಡಿತ್ತೆಂಬುದು ಬೇರೆ ಮಾತು.

ಕಂಪೆನಿಯ ಲೆಕ್ಕವೂ ಕೈಗೂಡಲಿಲ್ಲ. 1994ರಲ್ಲಿ ಬಂದಿದ್ದ 'ಅವೇಕ್' ಬಹಳ ಬಿಗಿಯಾದ, ಕತ್ತಲೆಗವಿದ ಆಲ್ಬಂ; ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 32ನೇ ಸ್ಥಾನಕ್ಕೇರಿತ್ತು. ಸುಲಭವಾಗಲೆಂದು ತಿದ್ದಿಸಿದ ಈ ಆಲ್ಬಂ 52ರಲ್ಲೇ ನಿಂತಿತು. ಹೊಸಬರು ಬರಲಿಲ್ಲ, ಹಳಬರು ಮುನಿದರು. ಪೋರ್ಟ್‌ನಾಯ್ ತಂಡವನ್ನೇ ತೊರೆಯುವ ಯೋಚನೆಯವರೆಗೆ ಹೋಗಿದ್ದರು.

ಈ ಮುನಿಸಿನ ಹೊರೆಯಲ್ಲಿ ಒಂದು ಪಾಲು ಅನ್ಯಾಯವಾಗಿ ಒಬ್ಬರ ಹೆಗಲೇರಿತು. ಮೊದಲ ಕೀಬೋರ್ಡ್ ವಾದಕ ಕೆವಿನ್ ಮೂರ್ 'ಅವೇಕ್' ಮುಗಿಯುವ ಹೊತ್ತಿಗೆ ತಂಡ ಬಿಟ್ಟಿದ್ದರು. ಅವರ ಜಾಗಕ್ಕೆ ಬಂದ ಡೆರೆಕ್ ಶೆರಿನಿಯನ್ ಮೊದಲು ಆಲಿಸ್ ಕೂಪರ್ ಜೊತೆ ನುಡಿಸಿದ್ದವರು. ಮೂರ್ ಅವರದು ಮಂಜು ಕವಿದಂಥ ನಾದ, ಶೆರಿನಿಯನ್ ಅವರದು ಹ್ಯಾಮಂಡ್ ಆರ್ಗನ್ನಿನ ಬಿಸಿ. ಆಲ್ಬಮ್ಮಿನ ಸ್ವರೂಪ ಬದಲಾದದ್ದಕ್ಕೆ ಕಾರಣ ಹುಡುಕುತ್ತಿದ್ದವರಿಗೆ ಹೊಸ ಮುಖ ಸುಲಭವಾಗಿ ಸಿಕ್ಕಿತು. 1999ರ ಆರಂಭದಲ್ಲಿ ತಂಡ ಅವರನ್ನು ಕೈಬಿಟ್ಟು, ಜೂಲಿಯಾರ್ಡ್‌ನಲ್ಲಿ ಕಲಿತ ಜೋರ್ಡನ್ ರುಡೆಸ್ ಅವರನ್ನು ಕರೆತಂದಿತು. ಬಿಟ್ಟದ್ದಕ್ಕೆ ಕಾರಣ ಅಭಿಮಾನಿಗಳ ಕೋಪವಲ್ಲ. ಪೆಟ್ರುಚಿ ಮತ್ತು ಪೋರ್ಟ್‌ನಾಯ್ ಇನ್ನೊಂದು ಯೋಜನೆಯಲ್ಲಿ ರುಡೆಸ್ ಜೊತೆ ನುಡಿಸಿ ಅವರ ಕೈಚಳಕಕ್ಕೆ ಮರುಳಾಗಿದ್ದರು. ಮುಂದೆ 2017ರಲ್ಲಿ ಇದೇ ಪೋರ್ಟ್‌ನಾಯ್ ಮತ್ತು ಶೆರಿನಿಯನ್ ಸೇರಿ 'ಸನ್ಸ್ ಆಫ್ ಅಪೋಲೊ' ಎಂಬ ತಂಡ ಕಟ್ಟಿದರು. ಕೇಳುಗರು ಹೊತ್ತುಕೊಂಡ ಹಗೆ ಕಲಾವಿದರ ನಡುವೆ ಉಳಿದಿರಲಿಲ್ಲ.

ಇನ್ನು ಕೈಬಿಟ್ಟ ಹಾಡುಗಳ ಕಥೆ. 'ಇಮೇಜಸ್ ಅಂಡ್ ವರ್ಡ್ಸ್'ನಲ್ಲಿ 'ಮೆಟ್ರೊಪೊಲಿಸ್' ಎಂಬ ಹಾಡೊಂದಿತ್ತು. ಪೆಟ್ರುಚಿ ತಮಾಷೆಗೆಂದು ಅದರ ಹೆಸರಿಗೆ 'ಭಾಗ ಒಂದು' ಎಂದು ಸೇರಿಸಿದ್ದರು. ಎರಡನೆಯ ಭಾಗದ ಆಲೋಚನೆಯೇ ಅವರಿಗಿರಲಿಲ್ಲ. ಅಭಿಮಾನಿಗಳು ತಮಾಷೆಯನ್ನು ನಿಜವೆಂದೇ ಹಿಡಿದು ಎರಡನೆಯ ಭಾಗ ಎಲ್ಲಿ ಎಂದು ಪೀಡಿಸತೊಡಗಿದರು. ಕೊನೆಗೆ ತಂಡ ಅದನ್ನೂ ರಚಿಸಿತು. 1996ರಲ್ಲಿ ಸಿದ್ಧವಾದ ಆ ಕರಡು ಹಾಡಿಲ್ಲದ, ಬರಿಯ ವಾದ್ಯಗಳ, ಇಪ್ಪತ್ತು ನಿಮಿಷಕ್ಕೂ ಮೀರಿದ ಕೃತಿ. ಆಲ್ಬಂ ಒಂದೇ ಸಿ.ಡಿ.ಗೆ ಇಳಿದಾಗ ಇದಕ್ಕೆ ಜಾಗವಿಲ್ಲದೆ ಹೋಯಿತು. 'ರೈಸ್ ದ ನೈಫ್' ಮೊದಲಾದ ಇನ್ನೂ ಕೆಲವು ಹಾಡುಗಳಿಗೂ ಅದೇ ಗತಿಯಾಯಿತು.

ಆಲ್ಬಮ್ಮಿನ ಸೋಲು ತಂಡಕ್ಕೆ ಒಂದು ಅಸ್ತ್ರ ಕೊಟ್ಟಿತು. ಕಂಪೆನಿಯ ಮಾತು ಕೇಳಿಯೂ ಲಾಭವಾಗಲಿಲ್ಲ, ಇನ್ನು ನಮ್ಮ ಪಾಡಿಗೆ ಬಿಡಿ ಎಂದು ಅವರು ಪಟ್ಟುಹಿಡಿದರು. ಕಂಪೆನಿ ಒಪ್ಪಿತು. ಮೂಲೆ ಸೇರಿದ್ದ ಆ ಕರಡನ್ನೇ ಬೆಳೆಸಿ, 1999ರ ಅಕ್ಟೋಬರ್‌ನಲ್ಲಿ 'ಮೆಟ್ರೊಪೊಲಿಸ್ ಭಾಗ ಎರಡು: ಸೀನ್ಸ್ ಫ್ರಮ್ ಎ ಮೆಮೊರಿ' ಹೊರತಂದರು. ಸಮ್ಮೋಹನ ಚಿಕಿತ್ಸೆಯಲ್ಲಿ ತನ್ನ ಪೂರ್ವಜನ್ಮವನ್ನು, 1928ರ ಒಂದು ಕೊಲೆಯನ್ನು ಕಾಣುವ ನಿಕೊಲಸ್ ಎಂಬವನ ಕಥೆ ಅದು. ಎಪ್ಪತ್ತೇಳು ನಿಮಿಷ ಒಂದೇ ಉಸಿರಿನಲ್ಲಿ ಸಾಗುತ್ತದೆ. ಮುನಿದಿದ್ದವರು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ತಂಡದ ಅತ್ಯುತ್ತಮ ಕೃತಿ ಯಾವುದೆಂದು ಕೇಳಿದರೆ ಇಂದಿಗೂ ಹೆಚ್ಚಿನ ಬಾಯಲ್ಲಿ ಬರುವ ಹೆಸರು ಇದೇ.

ಅಚ್ಚರಿಯೆಂದರೆ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಏರಿದ್ದು 73ನೇ ಸ್ಥಾನಕ್ಕೆ ಮಾತ್ರ. ಸೋತಿತೆನ್ನಲಾದ ಹಿಂದಿನ ಆಲ್ಬಮ್ಮಿಗಿಂತ ಇಪ್ಪತ್ತೊಂದು ಮೆಟ್ಟಿಲು ಕೆಳಗೆ. ಅಭಿಮಾನಿಯ ಪಟ್ಟಿಯೂ ಅಂಗಡಿಯ ಪಟ್ಟಿಯೂ ಬೇರೆ ಬೇರೆ. ಇನ್ನೂ ಒಂದು ಸಂಗತಿಯಿದೆ. ಅಭಿಮಾನಿಗಳು ಶಪಿಸಿದ್ದ ಕೆವಿನ್ ಶರ್ಲಿಯೇ ಈ ಹೊಸ ಆಲ್ಬಮ್ಮಿನ ಬಹುಪಾಲು ಧ್ವನಿಮಿಶ್ರಣ ಮಾಡಿದವರು. ಆಲ್ಬಂ ಕೆಡಿಸಿದವರು ಯಾರೆಂಬ ವಾದದಲ್ಲಿ ಅವರ ಹೆಸರನ್ನು ಮೊದಲಿಗೆ ಎಳೆಯುತ್ತಿದ್ದವರಿಗೆ ಇದು ನುಂಗಲಾರದ ತುತ್ತಾಗಿತ್ತು.

ಕೈಬಿಟ್ಟ ಹಾಡುಗಳಲ್ಲಿ ಕೆಲವನ್ನು 1999ರಲ್ಲಿ ಅಭಿಮಾನಿ ಸಂಘದ ಸದಸ್ಯರಿಗಾಗಿ ಸಿ.ಡಿ. ಮಾಡಿ ಹಂಚಲಾಗಿತ್ತು. 2006ರ ಏಪ್ರಿಲ್ 1ರಂದು ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ನಡೆದ ಇಪ್ಪತ್ತನೇ ವರ್ಷದ ಕಛೇರಿಯಲ್ಲಿ 'ರೈಸ್ ದ ನೈಫ್' ಕೊನೆಗೂ ವೇದಿಕೆ ಕಂಡಿತು. 2007ರಲ್ಲಿ ಇಡೀ ಕರಡು ಎರಡು ಸಿ.ಡಿ.ಗಳಾಗಿ ಅಧಿಕೃತವಾಗಿ ಬಿಡುಗಡೆಯಾಯಿತು. ಆಗ ಹಳೆಯ ವಾದ ಹೊಸ ರೂಪ ಪಡೆಯಿತು. 'ಬರ್ನಿಂಗ್ ಮೈ ಸೋಲ್' ಮತ್ತು 'ಹೆಲ್ಸ್ ಕಿಚನ್' ಎಂಬ ಎರಡು ಹಾಡುಗಳು ಮೂಲದಲ್ಲಿ ಒಂದೇ ಆಗಿದ್ದವೆಂದು ಕಿವಿಯಾರೆ ಕೇಳಬಹುದಾಯಿತು. 'ಯೂ ಆರ್ ಮಿ' ಮೂಲ ರೂಪದಲ್ಲೇ ಚೆನ್ನಾಗಿತ್ತೆಂದು ಹಲವರು ಖಚಿತಪಡಿಸಿಕೊಂಡರು. ಆದರೆ ಕರಡನ್ನೆಲ್ಲ ಕೇಳಿದ ಮೇಲೆ, ಶರ್ಲಿಯ ಕತ್ತರಿ ಕೆಲವೆಡೆ ಸರಿಯಾಗಿಯೇ ಆಡಿತ್ತು, ಜೋಡಿ ಆಲ್ಬಂ ಆಗಿದ್ದರೆ ಅಲ್ಲಲ್ಲಿ ಜಾಳಾಗುತ್ತಿತ್ತು ಎಂದು ಒಪ್ಪಿಕೊಂಡವರೂ ಉಂಟು. ಹತ್ತು ವರ್ಷದ ಹಿಂದೆ ಈ ಮಾತನ್ನು ಆಡಿದ್ದರೆ ದ್ರೋಹಿಯೆನಿಸಿಕೊಳ್ಳಬೇಕಾಗುತ್ತಿತ್ತು.

ಎಲ್ಲಕ್ಕಿಂತ ವಿಚಿತ್ರ ತಿರುವು ಕಂಡದ್ದು 'ಹಾಲೋ ಇಯರ್ಸ್'. ರೇಡಿಯೊಗೆಂದೇ ಮಾಡಿದ ಹಾಡೆಂದು ಹೀಗಳೆದಿದ್ದ ಅದನ್ನು 2004ರ ಏಪ್ರಿಲ್‌ನಲ್ಲಿ ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ಪೆಟ್ರುಚಿ ದೀರ್ಘವಾದ ಗಿಟಾರ್ ವಾದನದೊಡನೆ ನುಡಿಸಿದರು. ಅದರ ಮುದ್ರಣ ಹೊರಬಂದಮೇಲೆ, ಹಾಡನ್ನು ದಾಟಿಸಿ ಮುಂದಿನದಕ್ಕೆ ಹೋಗುತ್ತಿದ್ದವರೇ ಅದನ್ನು ಬೇಡತೊಡಗಿದರು. ಪೋರ್ಟ್‌ನಾಯ್ 2010ರಲ್ಲಿ ತಂಡ ತೊರೆದು, 2023ರಲ್ಲಿ ಮರಳಿದರು. ಮರಳಿದ ಮೇಲೆ ಮೊದಲ ಕಛೇರಿ 2024ರ ಅಕ್ಟೋಬರ್ 20ರಂದು ಲಂಡನ್ನಿನ ಒ2 ಸಭಾಂಗಣದಲ್ಲಿ ನಡೆಯಿತು. ನಲವತ್ತು ವರ್ಷದ ಹಾಡುಗಳಿಂದ ಆರಿಸಿದ ಆ ದಿನದ ಪಟ್ಟಿಯಲ್ಲಿ, ಅಭಿಮಾನಿಗಳು ಮುನಿದಿದ್ದ ಆಲ್ಬಮ್ಮಿನಿಂದ ಒಂದು ಹಾಡಿಗೆ ಜಾಗ ಸಿಕ್ಕಿತ್ತು. ಅದು 'ಹಾಲೋ ಇಯರ್ಸ್'.