ತಮಾಷೆ ಬಂಗಲೆಯ ಎರಡು ಬಾಗಿಲುಗಳು

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವು 1865ರಲ್ಲಿ ಸ್ಥಾಪಿತವಾಗಿ, 1877ರಲ್ಲಿ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡಕ್ಕೆ ಬಂದಿತು. ಅಂದಿನ ಜನ ಅದನ್ನು ‘ತಮಾಷೆ ಬಂಗಲೆ’ ಎಂದು ಕರೆದರು. ಇದನ್ನು ಅಜ್ಞಾನದ ಹೆಸರೆಂದು ಬಗೆಯುವುದು ಸರಿಯಲ್ಲ. ಜಾತ್ರೆಯ ನೋಟಕ್ಕೆ ಪಳಗಿದ್ದ ಸಮಾಜವು ಹೊಸ ಸಂಸ್ಥೆಯನ್ನು ತನ್ನ ಮಾತಿನಲ್ಲಿ ಅರಗಿಸಿಕೊಂಡ ಬಗೆ ಅದು. 1975ರಲ್ಲಿ ಅದೇ ಆವರಣದಲ್ಲಿ ಕೆ. ವೆಂಕಟಪ್ಪನವರ ಹೆಸರಿನ ಚಿತ್ರಶಾಲೆ ಆರಂಭವಾಯಿತು. ಅವರ ಉದಕಮಂಡಲ, ಕೊಡೈಕೆನಾಲ್ ಜಲವರ್ಣಗಳ ಜೊತೆಗೆ, ಅಲ್ಪ ಬಾಡಿಗೆಗೆ ದೊರೆಯುತ್ತಿದ್ದ ಸಭಾಂಗಣಗಳಲ್ಲಿ ಸಮಕಾಲೀನ ಕಲಾವಿದರ ಪ್ರದರ್ಶನಗಳೂ ನಡೆದವು.

ಹೀಗೆ ಒಂದೇ ಆವರಣಕ್ಕೆ ಎರಡು ಬಾಗಿಲುಗಳಾದವು. ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆಯವರೊಡನೆ ನಾನು ಅಲ್ಲಿಗೆ ಹೋದಾಗ, ಮೊದಲನೆಯದನ್ನು ನಿಸ್ಸಂಕೋಚವಾಗಿ ದಾಟಿದವರು ಎರಡನೆಯದರ ಎದುರು ಹಿಂಜರಿದರು. “ಅದು ಓದ್ದೋರ್ದು” ಎಂದರು. ಇಂತಹ ಹಿಂಜರಿಕೆಯನ್ನು ಕಲಾಭಿರುಚಿಯ ಕೊರತೆಯೆಂದು ವಿವರಿಸುವ ರೂಢಿಯಿದೆ. ಅದನ್ನು ಒಪ್ಪಲಾಗದು.

ಸಂಗ್ರಹಾಲಯದ ಆತಕೂರು ಶಾಸನವನ್ನೇ ನೋಡಬಹುದು. ಮದ್ದೂರು ತಾಲ್ಲೂಕಿನ ಈ ಕಲ್ಲು ಶಕ 872ರದು (ಕ್ರಿ.ಶ. 949–50). ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಮೇಲೆ, ಗಂಗ ಬೂತುಗನು ತನ್ನ ಬಂಟ ಮಣಲೆರನಿಗೆ ಬೇಕಾದುದನ್ನು ಬೇಡೆಂದಾಗ ಆತ ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಕಾಳಿಯೂ ಕಾಡುಹಂದಿಯೂ ಕಾದಾಡಿ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರದ ಮುಂದೆ ಕಲ್ಲು ನೆಟ್ಟು ಭೂಮಿಯನ್ನು ದತ್ತಿ ಬಿಡಲಾಯಿತು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂದೂ ಶಾಸನ ವಿಧಿಸುತ್ತದೆ. ಲಿಪಿ ಓದಲಾರದ ಹಿರಿಯರೊಬ್ಬರು ನಾಯಿ, ಹಂದಿಗಳ ಶಿಲ್ಪದ ಮುಂದೆ ನಿಂತು, “ಈಗ ಇದ್ಕೆ ಪೂಜೆ ಯಾರು ಮಾಡ್ತಾರೆ?” ಎಂದು ಕೇಳಿದರು. ಶಾಸನದ ತಿರುಳನ್ನೇ ಮುಟ್ಟಿದ ಪ್ರಶ್ನೆಯದು. ಫಲಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ಒಪ್ಪಿಸುವ 2015ರ ಒಪ್ಪಂದವನ್ನು ಕಲಾವಿದರು 2016ರಲ್ಲಿ ಬಹಿರಂಗವಾಗಿ ಪ್ರತಿಭಟಿಸಿದರು. ಅದು ಸಾರ್ವಜನಿಕರ ಸ್ಥಳವೆಂಬ ಅವರ ವಾದ ನ್ಯಾಯವಾದುದು. ಆದರೆ ಆ ಸಾರ್ವಜನಿಕರಲ್ಲಿ ಹೊಣಕೆರೆಯವರೂ ಸೇರಬೇಕಷ್ಟೆ.

ಅಂದು ಒತ್ತಾಯದ ಮೇಲೆ ಅವರೂ ಎರಡನೆಯ ಬಾಗಿಲನ್ನು ದಾಟಿದರು. ಒಳಗೆ ಯುವ ಕಲಾವಿದೆಯೊಬ್ಬರು ಗೋಡೆಯ ತುಂಬ ಮೊರಗಳನ್ನು ಜೋಡಿಸಿದ್ದರು. ನಮ್ಮೊಡನಿದ್ದ ಅಜ್ಜಿ ಒಂದರ ಅಂಚನ್ನು ಬೆರಳಿನಿಂದ ಸವರಿ, “ಸಗಣಿ ಬಳ್ದಿಲ್ವಲ್ಲವ್ವ, ಇದ್ರಲ್ಲಿ ಯಾರೂ ಕೇರಿಲ್ಲ” ಎಂದರು. ಕಲಾವಿದೆ ಪುಸ್ತಕ ತೆಗೆದು ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.