ಕೊಡುಗೆಯ ಗಂಟು

ಕಾಗಿಣಾ ನದಿಯ ಸೀಮೆಯಲ್ಲಿ, ಸೇಡಂ ತಾಲ್ಲೂಕಿನ ಕೋಡ್ಲಾ ಮತ್ತು ಅದರ ನೆರೆಯ ಹಳ್ಳಿಗಳಲ್ಲಿ, ಬರಿಗೈಯಿಂದ ಬೀಗರ ಮನೆಗೆ ಹೋಗುವುದು ಎಷ್ಟು ಅನುಚಿತವೋ, ಕೊಡಲು ತಂದುದನ್ನು ಊರೆಲ್ಲ ಕಾಣುವಂತೆ ತೆರೆದು ಹಿಡಿದು ಬೀದಿಯಲ್ಲಿ ನಡೆಯುವುದೂ ಅಷ್ಟೇ ಅನುಚಿತವೆಂದು ಹಿರಿಯರು ಎಣಿಸುತ್ತಿದ್ದರು. ಕೊಡುವ ವಸ್ತುವಿಗೆ ಒಂದು ಆವರಣ ಬೇಕು. ಆದರೆ ಅದು ಹರಿದು ಬಿಸುಡತಕ್ಕದ್ದಲ್ಲ. ಒಂದೋ ಅದೂ ಕೊಡುಗೆಯ ಭಾಗವಾಗಿ ಆ ಮನೆಯಲ್ಲಿಯೇ ಉಳಿಯಬೇಕು, ಇಲ್ಲವೆ ಪ್ರತಿದಾನವನ್ನು ಹೊತ್ತು ತನ್ನ ಮನೆಗೆ ಮರಳಬೇಕು. ನಮ್ಮ ಕಡೆಯ ಬಟ್ಟೆಯ ಗಂಟಿನ ಇತಿಹಾಸವೆಲ್ಲ ಈ ಎರಡು ದಾರಿಗಳಲ್ಲಿ ಹರಿದಿದೆ.

ಈ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೆಂಬುದು ಸರ್ವವಿದಿತ. ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದ ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನ ಮಾಡಿದ ದಾನಚಿಂತಾಮಣಿ ಅತ್ತಿಮಬ್ಬೆಯ ಕೀರ್ತಿಯೂ ಹಾಗೆಯೇ ಪ್ರಸಿದ್ಧವಾದುದು. ಇಂಥ ಗ್ರಂಥಗಳ ಓಲೆಗರಿಗಳನ್ನು ದಾರದಲ್ಲಿ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಗಳನ್ನಿಟ್ಟು, ಆ ಕಟ್ಟನ್ನು ವಸ್ತ್ರದಲ್ಲಿ ಸುತ್ತಿಡುವುದು ಬಸದಿ ಮಠಗಳ ಸಂಪ್ರದಾಯ. ವಸ್ತ್ರ ಜೀರ್ಣವಾದರೆ ಬೇರೊಂದನ್ನು ಸುತ್ತುವುದೂ ಭಕ್ತರಿಗೆ ಪುಣ್ಯಕಾರ್ಯವೇ.

ಮುಂದೆ, 1948ರ ವರೆಗೂ ಈ ನಾಡನ್ನಾಳಿದ ನಿಜಾಮರ ದರಬಾರಿನಲ್ಲಿ ಅಶರಫಿಯೆಂಬ ಚಿನ್ನದ ನಾಣ್ಯದ ನಜರು ಕಾಣಿಕೆಯನ್ನು ಬರಿಯ ಅಂಗೈಯಲ್ಲಿ ಒಡ್ಡದೆ, ಕೈಗಳ ಮೇಲೆ ಹರಡಿದ ಕರವಸ್ತ್ರದಲ್ಲಿಟ್ಟು ಒಪ್ಪಿಸುತ್ತಿದ್ದರು. ಹೈದರಾಬಾದು ಸೀಮೆಯ ಮುಸಲ್ಮಾನರ ಮದುವೆಗಳಲ್ಲಿ ಉಡುಗೊರೆಯ ತಟ್ಟೆಗಳ ಮೇಲೆ ಹೊದಿಸುವ ಕಸೂತಿಯ ಖ್ವಾನ್‌ಪೋಷ್ ಒಂದು ಮದುವೆಗೆ ಮುಗಿಯುವಂಥದಲ್ಲ. ಅದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು, ಮುಂದಿನ ಮಗಳ ಮದುವೆಗೆ ಮತ್ತೆ ತೆಗೆಯುವರು.

ಆದರೆ ದರಬಾರಿಗಿಂತ ದೊಡ್ಡ ಸಂಗತಿ ನಡುಮನೆಯಲ್ಲಿ ನಡೆಯುವುದು. ತವರಿಗೆ ಬಂದ ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಉಡಿ ತುಂಬದೆ ಕಳುಹಿಸುವ ತಾಯಿ ನಮ್ಮಲ್ಲಿಲ್ಲ. ಮಗಳು ಮಣೆಯ ಮೇಲೆ ಕುಳಿತು ಸೆರಗನ್ನು ಮಡಿಲಿನಲ್ಲಿ ಹರಡುವಳು. ತಾಯಿಯು ಖಣವನ್ನು ಮೊದಲಿಟ್ಟು, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಅಡಿಕೆ, ಉತ್ತತ್ತಿ, ಎಲೆಗಳನ್ನು ಹಿಡಿಹಿಡಿಯಾಗಿ ಇಳಿಬಿಡುವಳು. ಮಗಳು ಸೆರಗಿನ ಅಂಚನ್ನು ಕೂಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ದೇವರ ಮುಂದೆ ಬಾಗುವಳು. ಇಲ್ಲಿ ಕೊಡುಗೆಯನ್ನು ಸುತ್ತಿದ ಬಟ್ಟೆ ಉಟ್ಟ ಸೀರೆಯೇ. ಬಿಚ್ಚಿದ ಮೇಲೆ ಎಸೆಯಬೇಕಾದುದು ಏನೊಂದೂ ಇಲ್ಲ. ಅಕ್ಕಿ ಅನ್ನವಾಗುವುದು, ಖಣ ಕುಪ್ಪಸವಾಗುವುದು, ಕುಪ್ಪಸಕ್ಕೆ ಸಾಲದೆ ಉಳಿದ ತುಂಡು ಕೂಸಿನ ಕುಂಚಿಗೆಯಾಗುವುದು, ಅದೂ ಹರಿದರೆ ಕೌದಿಯ ತೇಪೆಯಾಗುವುದು.

ಖಣವೆಂದರೆ ಗುಳೇದಗುಡ್ಡದ್ದೇ ಆಗಬೇಕೆಂಬ ಅಭಿಮಾನ ಇಷ್ಟು ದೂರದ ನಮ್ಮ ಸೀಮೆಯಲ್ಲಿಯೂ ಉಂಟು. ಹೊಳಪಿನ ಅಂಚು, ಸಣ್ಣ ಬುಟ್ಟಾಗಳು, ತ್ರಿಕೋನವಾಗಿ ಮಡಿಸಿದ ಅಚ್ಚುಕಟ್ಟು: ಇವೆಲ್ಲ ಸೇರಿ ಅದು ಕೊಳ್ಳುವಾಗಲೇ ಕೊಡುಗೆಯ ರೂಪದಲ್ಲಿರುತ್ತದೆ. ಇನ್ನೊಂದು ಮಾತನ್ನು ಮುಚ್ಚಿಡಬೇಕಾಗಿಲ್ಲ. ಉಡಿಯಲ್ಲಿ ಬಂದ ಖಣ ಮಡಿಕೆಯೊಡೆಯದೆ ಮತ್ತೊಬ್ಬರ ಉಡಿಗೆ, ಅಲ್ಲಿಂದ ಮೂರನೆಯವರ ಉಡಿಗೆ ಸಂಚರಿಸುವುದುಂಟು. ನಾಲ್ಕಾರು ಮನೆಗಳ ಪ್ರದಕ್ಷಿಣೆ ಮುಗಿಸಿ ಕೊಟ್ಟವಳ ಬಳಿಗೇ ಬಂದಾಗ ಆಕೆ ಗುರುತಿಸಿಯೂ ಗುರುತಿಸದವಳಂತೆ ಕಣ್ಣಿಗೊತ್ತಿಕೊಳ್ಳುವಳು. ಇದನ್ನು ಜಿಪುಣತನವೆಂದು ನಗುವವರಿದ್ದಾರೆ. ನನಗೆ ಇದು ನಾಗರಿಕತೆಯ ಲಕ್ಷಣವಾಗಿಯೇ ಕಾಣುತ್ತದೆ.

ಗಂಡಸರ ಕೊಡುಗೆಗೆ ಧೋತರ, ಶೆಲ್ಯೆ, ರುಮಾಲುಗಳೇ ಆವರಣ. 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ರೈಲುದಾರಿ ತೆರೆದು ಚಿತ್ತಾಪುರ, ಸೇಡಂಗಳು ಅದರ ನಿಲ್ದಾಣಗಳಾದವು. ಆ ಶತಮಾನ ಮುಗಿಯುವುದರೊಳಗೆ ಕಲಬುರ್ಗಿಯಲ್ಲಿ ಮಹಬೂಬ್ ಶಾಹಿ ಬಟ್ಟೆ ಗಿರಣಿಯೂ ಎದ್ದಿತು. ಗಿರಣಿಯ ಬಟ್ಟೆ ಸುಲಭವಾದ ಮೇಲೆ ಮದುವೆಯ ಉಡುಗೊರೆಯಾದ ಆಯೇರಿಯಲ್ಲಿ ಟಾವೆಲ್ಲು ಟೊಪ್ಪಿಗೆಗಳು ಬೆಳೆದವು. ತೆಂಗಿನಕಾಯಿಯನ್ನು ಟಾವೆಲ್ಲಿನಲ್ಲಿ ಸುತ್ತಿ ಬೀಗರ ಕೈಗಿಟ್ಟರೆ ಅವರು ಕಾಯಿಯನ್ನು ಮನೆಯವರಿಗೆ ಒಪ್ಪಿಸಿ, ಟಾವೆಲ್ಲನ್ನು ಹೆಗಲಿಗೇರಿಸಿಕೊಂಡು ಹೊರಡುವರು.

ಬುತ್ತಿಯ ಗಂಟು ಕಟ್ಟುವುದರಲ್ಲಿ ಒಂದು ವಿದ್ಯೆಯಿದೆ. ಚೌಕದ ಬಟ್ಟೆಯ ನಡುವೆ ರೊಟ್ಟಿಯ ಅಡಕಲನ್ನಿಟ್ಟು, ಎದುರುಬದುರಿನ ಎರಡು ತುದಿಗಳನ್ನು ಮೊದಲು ಬಿಗಿದು, ಉಳಿದೆರಡನ್ನು ಅವುಗಳ ಮೇಲೆ ಅಡ್ಡಲಾಗಿ ಕಟ್ಟಿ ಬೆರಳು ತೂರುವಷ್ಟು ಸಂದು ಬಿಡಬೇಕು. ಆಗ ಹಿಡಿಕೆಯೂ ಆಯಿತು, ಕೋಲಿಗೆ ತೂಗುಹಾಕಲು ಕೊಂಡಿಯೂ ಆಯಿತು. ನಾಗರಪಂಚಮಿಯ ಉಂಡಿ, ಎಳ್ಳ ಅಮಾವಾಸ್ಯೆಯ ಸಜ್ಜೆರೊಟ್ಟಿ ಹೀಗೆಯೇ ಮನೆಯಿಂದ ಮನೆಗೆ ಹೋಗುತ್ತಿದ್ದವು. ಬಟ್ಟೆಯನ್ನು ಮರಳಿಸುವಾಗ ಸೊಸೆ ಬರಿದಾಗಿ ಮಡಿಚಿಟ್ಟರೆ ಒಳಗಿನಿಂದ ಅತ್ತೆಯ ದನಿ ಬರುವುದು: “ಬರೇ ಬಟ್ಟಿ ಹೊಳ್ಳಿಸಬ್ಯಾಡವ್ವಾ, ಒಂದ್ ಹಿಡಿ ಜ್ವಾಳನರೆ ಹಾಕಿ ಕಟ್ಟು.” ಕೋಡ್ಲಾದ ಸುತ್ತ ಸಿಮೆಂಟಿನ ಕಾರ್ಖಾನೆಗಳು ಬಂದು, ಸಂಬಳದ ಹಣದಿಂದ ಸ್ಟೀಲಿನ ಡಬ್ಬಿಗಳು ಮನೆ ತುಂಬಿದ ಮೇಲೂ ಈ ನಿಯಮ ಕೆಡಲಿಲ್ಲ, ನೆರೆಮನೆಯ ಡಬ್ಬಿ ಇಂದಿಗೂ ಒಂದಿಷ್ಟು ಸಕ್ಕರೆಯನ್ನಾದರೂ ಹೊತ್ತೇ ಮರಳುವುದು.

ಕೆಟ್ಟದ್ದು ಕೊಡುಗೆ ಸುತ್ತುವ ಬಣ್ಣದ ಕಾಗದದಿಂದ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 1917ರಲ್ಲಿ ಹಾಲ್ ಸಹೋದರರ ಅಂಗಡಿಯಲ್ಲಿ ತೆಳುಕಾಗದ ತೀರಿಹೋಗಿ, ಲಕೋಟೆಯ ಒಳಮೈಗೆ ಅಂಟಿಸುವ ಚಿತ್ತಾರದ ಕಾಗದವನ್ನು ಅದರ ಬದಲಾಗಿ ಮಾರಿದುದರಿಂದ ಬೆಳೆದ ವ್ಯಾಪಾರವಿದು. ನಮ್ಮ ಮದುವೆಮಂಟಪಗಳಲ್ಲಿ ಈಗ ಅದರ ಹೊಳೆಯುವ ಪ್ಲಾಸ್ಟಿಕ್ ಸಂತತಿ ರಾತ್ರಿಯೆಲ್ಲ ಹರಿಯಲ್ಪಟ್ಟು ಬೆಳಗಾಗುವುದರೊಳಗೆ ತಿಪ್ಪೆ ಸೇರುತ್ತದೆ. ಜಪಾನೀಯರಲ್ಲಿಯೂ ಚೌಕದ ಬಟ್ಟೆಯಲ್ಲಿ ಕಟ್ಟುವ ‘ಫುರೋಶಿಕಿ’ ಎಂಬ ಪದ್ಧತಿಯಿದೆ. ಅದು ಮರೆಯಾಗುತ್ತಿರಲು 2006ರಲ್ಲಿ ಅವರ ಪರಿಸರ ಸಚಿವೆ ಯುರಿಕೊ ಕೊಯಿಕೆಯವರು ತಾವೇ ಮುಂದೆ ನಿಂತು ಅದನ್ನು ಪ್ರಚಾರ ಮಾಡಿದರು. ನಮಗೆ ಸಚಿವರ ಉಪದೇಶದ ಅಗತ್ಯವಿಲ್ಲ. ಲಗ್ನದ ಜವಳಿಗೆಂದು ಸೇಡಂ ಪೇಟೆಗೆ ಹೋಗುವವರು ಹೊಳೆಯುವ ಕಾಗದಕ್ಕೆ ತೆರುವ ಹಣವನ್ನು ಒಂದು ಗಜ ಕೈಮಗ್ಗದ ಬಟ್ಟೆಗೆ ತೆತ್ತು ತರಲಿ. ಕಟ್ಟುವ ಬಗೆಯನ್ನು ಮನೆಯ ಹಿರಿಯ ಹೆಂಗಸರು ಇನ್ನೂ ಮರೆತಿಲ್ಲ, ಅವರನ್ನು ಕೇಳಲಿ.